ಗೋಡೆಗೊಂದು ಅಮೂರ್ತ ಕ್ವಿಲ್ಟ್: ಬಣ್ಣದ ಬಕೆಟ್‌ನಿಂದ ಕೊನೆಯ ಹೊಲಿಗೆಯವರೆಗೆ

ಪ್ರಶ್ನೆ: ನಾನು ಹುಬ್ಬಳ್ಳಿಯವಳು. ಅಜ್ಜಿಯ ಹತ್ತಿರ ಕೌದಿ ಹೊಲಿಯುವುದನ್ನು ಕಲಿತಿದ್ದೇನೆ, ಕಸೂತಿಯೂ ಸುಮಾರಾಗಿ ಬರುತ್ತದೆ. ಗೋಡೆಗೆ ತೂಗುಹಾಕುವಂಥ, ಹೂವು-ನವಿಲು ಏನೂ ಇಲ್ಲದೆ ಬರೀ ಬಣ್ಣ ಮತ್ತು ಆಕಾರದ ಒಂದು ಕ್ವಿಲ್ಟ್ ಮಾಡಬೇಕೆಂದು ಆಸೆ. ಹಳೆಯ ಬಿಳಿ ಬೆಡ್‌ಶೀಟ್ ಕತ್ತರಿಸಿ, ಅಂಗಡಿಯ ಪೊಟ್ಟಣದ ಬಣ್ಣಕ್ಕೆ ಉಪ್ಪು ಹಾಕಿ ಕುದಿಸಿ ಅದ್ದಿದೆ. ಬಣ್ಣ ಕಲೆ ಕಲೆಯಾಗಿ ಹಿಡಿಯಿತು. ಹೊಲಿದು ಒಗೆದಾಗ ಕೆಂಪು ಬಿಟ್ಟು, ಪಕ್ಕದ ಬಿಳಿ ತುಂಡುಗಳೆಲ್ಲ ಗುಲಾಬಿ ಆದವು. ತುಂಡು ಜೋಡಿಸಿದರೆ ಗಲಿಬಿಲಿಯಾಗಿ ಕಾಣುತ್ತದೆ. ಮೇಲೆ ಕಸೂತಿ ಮಾಡಿದರೆ ಬಟ್ಟೆ ಸುಕ್ಕುಗಟ್ಟುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ, ಮೇಡಂ? ಮೊದಲಿಂದ ಹೇಳಿಕೊಡಿ.

ಉತ್ತರ: ಕೌದಿಯೂ ಕಸೂತಿಯೂ ಗೊತ್ತಿರುವವರು ಈ ಕೆಲಸಕ್ಕೆ ಕೈಹಾಕುತ್ತಿದ್ದೀರಿ ಅನ್ನುವುದೇ ನನಗೆ ಖುಷಿ. ನೀವು ಹೇಳಿದ ತೊಂದರೆಗಳಲ್ಲಿ ಎರಡು ಬಣ್ಣದ್ದು, ಒಂದು ಜೋಡಣೆಯದ್ದು, ಒಂದು ದಾರದ್ದು. ಒಂದೊಂದಕ್ಕೂ ಬೇರೆ ಬೇರೆ ಪರಿಹಾರ ಇದೆ, ಹೇಳುತ್ತೇನೆ. ಆದರೆ ಅದಕ್ಕೂ ಮುಂಚೆ ಒಂದು ಮಾತು. ಬಣ್ಣ ಹಾಕುವುದು, ತುಂಡು ಜೋಡಿಸುವುದು, ಕಸೂತಿ ಮಾಡುವುದು ಈ ಮೂರನ್ನೂ ನೀವು ಬೇರೆ ಬೇರೆ ಕೆಲಸ ಎಂದುಕೊಂಡು, ಒಂದು ಮುಗಿದ ಮೇಲೆ ಇನ್ನೊಂದಕ್ಕೆ ಹೋಗಿದ್ದೀರಿ. ಕಸೂತಿಯನ್ನು ಕೊನೆಗೆ ಅಲಂಕಾರಕ್ಕೆ ಅಂತ ಇಟ್ಟುಕೊಂಡಿದ್ದೀರಿ. ಅಮೂರ್ತ ಕ್ವಿಲ್ಟ್‌ನಲ್ಲಿ ನವಿಲೂ ಇಲ್ಲ, ಹೂವೂ ಇಲ್ಲ. ನೋಡುವವರ ಕಣ್ಣು ಹಿಡಿದುಕೊಳ್ಳಲು ಇರುವುದು ಬಣ್ಣ, ಆಕಾರ ಮತ್ತು ದಾರದ ಗೆರೆ ಮಾತ್ರ. ಹಾಗಾಗಿ ದಾರ ಎಲ್ಲಿ ಓಡಬೇಕು ಅನ್ನುವುದನ್ನು ಬಣ್ಣದ ಬಕೆಟ್ ಮುಂದೆ ಕೂರುವ ಮೊದಲೇ ಯೋಚಿಸಬೇಕು. ನಿಮ್ಮ ಅಜ್ಜಿಗೆ ಇದು ಗೊತ್ತಿತ್ತು. ಕೌದಿಯಲ್ಲಿ ತುಂಡು ಹಚ್ಚುವುದು, ಪದರಗಳನ್ನು ಹಿಡಿಸುವುದು, ಅಂದ ಕೊಡುವುದು ಮೂರನ್ನೂ ಒಂದೇ ಸಾದಾ ಹೊಲಿಗೆ ಮಾಡಿ ಮುಗಿಸುತ್ತದೆ.

ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಯನ್ನು, ಅಂದರೆ ಕವಂದಿಯನ್ನು, ಸಾಧ್ಯವಾದರೆ ಹತ್ತಿರದಿಂದ ನೋಡಿ, ನಿಮಗೆ ದೂರವೇನಲ್ಲ. ಕೆಳಗೆ ಹಳೆಯ ಹತ್ತಿ ಸೀರೆ ಹಾಸುತ್ತಾರೆ. ಒಂದು ಮೂಲೆಯಿಂದ ಶುರುಮಾಡಿ, ಹಳೆ ಬಟ್ಟೆಯ ತುಂಡುಗಳ ಅಂಚು ಮಡಚಿ ಹಚ್ಚುತ್ತಾ, ನಾಲ್ಕೂ ಬದಿ ಸುತ್ತುತ್ತಾ ಒಳಗೆ ಬರುತ್ತಾರೆ. ಕೊನೆಯ ತುಂಡು ನಡುವೆ ಬೀಳುತ್ತದೆ. ಹೊಲಿಗೆಯ ಸಾಲುಗಳು ಕೂಡ ಅಂಚಿನಿಂದ ನಡುವಿಗೆ ಸುತ್ತಿ ಬರುತ್ತವೆ. ನಾಲ್ಕು ಮೂಲೆಗೂ ತ್ರಿಕೋನವಾಗಿ ಮಡಚಿದ ತುಂಡುಗಳ ಹೂವು ಇರಲೇಬೇಕು, ಇಲ್ಲದಿದ್ದರೆ ಕವಂದಿ ಮುಗಿದ ಹಾಗಲ್ಲ. ಅಲ್ಲಿ ಮೊದಲೇ ಬರೆದ ನಕ್ಷೆ ಇರುವುದಿಲ್ಲ. ಹೊಲಿಯುವವಳು ಪ್ರತಿ ತುಂಡಿಗೂ ಪಕ್ಕದ ತುಂಡನ್ನು ನೋಡಿ ನಿರ್ಧರಿಸುತ್ತಾಳೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕವಂದಿಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ ಹೊರದೇಶದ ಗ್ಯಾಲರಿಗಳಿಗೂ ತಲುಪಿಸಿದರು.

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಗೀಸ್ ಬೆಂಡ್ ಎಂಬ ಊರಿದೆ. ಅಲ್ಲಿನ ಆಫ್ರಿಕನ್ ಅಮೆರಿಕನ್ ಹೆಂಗಸರು ತಲೆಮಾರುಗಳಿಂದ ಹೊಲದ ಕೆಲಸದ ಹಳೆ ಪ್ಯಾಂಟು, ಶರಟು ಕತ್ತರಿಸಿ ಕ್ವಿಲ್ಟ್ ಹೊಲಿದವರು. 2002ರಲ್ಲಿ ಹ್ಯೂಸ್ಟನ್ನಿನ ಕಲಾ ಮ್ಯೂಸಿಯಂ ಅವನ್ನು ಗೋಡೆಗೆ ತೂಗುಹಾಕಿ ಪ್ರದರ್ಶನ ಮಾಡಿದ ಮೇಲೆ ಜಗತ್ತಿಗೆ ಗೊತ್ತಾದವು. ಮಿಸ್ಸೂರಿ ಪೆಟ್‌ವೇ ಅನ್ನುವವರು ತೀರಿಹೋದ ಗಂಡನ ಕೆಲಸದ ಬಟ್ಟೆಗಳಿಂದ 1942ರಲ್ಲಿ ಹೊಲಿದ ಕ್ವಿಲ್ಟ್ ಅವುಗಳಲ್ಲೊಂದು. ಇಂಥ ಕ್ವಿಲ್ಟ್‌ಗಳ ಚಿತ್ರ ಹುಡುಕಿ, ದೊಡ್ಡದು ಮಾಡಿ ನೋಡಿ. ಬಿಸಿಲಿಗೆ ಮಾಸಿದ ನೀಲಿ ಬಟ್ಟೆಯ ನಡುವೆ, ಜೇಬು ಕಿತ್ತ ಜಾಗದಲ್ಲಿ ಮಾತ್ರ ಮೂಲ ಗಾಢ ನೀಲಿ ಒಂದು ಚೌಕವಾಗಿ ಉಳಿದಿರುತ್ತದೆ. ಒಂದೇ ಬಟ್ಟೆಯೊಳಗೆ ತಿಳಿ ಮತ್ತು ಗಾಢ. ಕೈಯಲ್ಲಿ ಬಣ್ಣ ಹಾಕುವುದರಿಂದ ನಾವು ಪಡೆಯಲು ಹೊರಟಿರುವುದೂ ಅದನ್ನೇ. ಗಿರಣಿಯ ಬಟ್ಟೆ ಅಂಚಿಂದ ಅಂಚಿಗೆ ಒಂದೇ ಸಮ ಇರುತ್ತದೆ. ಕೈಯಲ್ಲಿ ಅದ್ದಿದ ಬಟ್ಟೆಯಲ್ಲಿ ಅಂಗೈಯಗಲಕ್ಕೆ ಬಣ್ಣ ಏರಿಳಿಯುತ್ತದೆ. ನಿಮ್ಮ ಬಟ್ಟೆ ಕಲೆ ಕಲೆಯಾಗಿ ಬಂದಿತು ಎಂದು ಬೇಸರಪಟ್ಟಿದ್ದೀರಿ. ಅದನ್ನು ಎಸೆಯಬೇಡಿ. ಬೇಕಾದಾಗ ಹಾಗೆ ಬರಿಸುವುದನ್ನು ಕಲಿತರೆ ಆಯಿತು.

ಈಗ ಬಟ್ಟೆಗೆ ಬರೋಣ. ಮೊದಲು ಆ ಬೆಡ್‌ಶೀಟಿನ ನಾಲ್ಕು ಎಳೆ ಬಿಚ್ಚಿ, ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ ನೋಡಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತಗೆ ಬೂದಿಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಸೇರಿದೆ ಎಂದರ್ಥ. ಬೆಡ್‌ಶೀಟುಗಳಲ್ಲಿ ಈ ಬೆರಕೆ ಜಾಸ್ತಿ. ಪಾಲಿಯೆಸ್ಟರ್ ಎಳೆ ನಾವು ಹಾಕುವ ಬಣ್ಣವನ್ನು ಕುಡಿಯುವುದೇ ಇಲ್ಲ, ಎಷ್ಟು ಹಾಕಿದರೂ ಪೇಲವವಾಗಿಯೇ ಉಳಿಯುತ್ತದೆ. ಅಪ್ಪಟ ಹತ್ತಿಯ ಬಿಳಿ ಕ್ಯಾಂಬ್ರಿಕ್ ಅಥವಾ ಪಾಪ್ಲಿನ್ ತಗೊಳ್ಳಿ. ಒಂದೆರಡು ತುಂಡು ಖಾದಿಯೂ ಇರಲಿ, ಅದರ ಒರಟು ಮೈ ಬೇರೆಯೇ ಬಣ್ಣ ಕೊಡುತ್ತದೆ. ಹೊಸ ಬಟ್ಟೆಯಲ್ಲಿ ಗಂಜಿ, ಎಣ್ಣೆಯ ಅಂಶ ಇರುತ್ತದೆ. ಬಿಸಿನೀರಿಗೆ ಸ್ವಲ್ಪ ಸೋಪು ಪುಡಿ, ಒಂದು ಚಮಚ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ಕುದಿಸಿ, ಚೆನ್ನಾಗಿ ಜಾಲಾಡಿ. ತೊಟ್ಟು ನೀರು ಬಿಟ್ಟರೆ ಕೂಡಲೇ ಹೀರಿಕೊಳ್ಳಬೇಕು. ನೀರು ಮೇಲೆ ಮಣಿಯಾಗಿ ನಿಂತರೆ ಇನ್ನೊಮ್ಮೆ ಕುದಿಸಿ. ಬೇಡದ ಕಲೆಗಳಿಗೆ ಅರ್ಧ ಕಾರಣ ಈ ಹೆಜ್ಜೆಯನ್ನು ಬಿಡುವುದು.

ಬಣ್ಣ ಬಿಟ್ಟ ವಿಷಯ. ಉಪ್ಪು ಹಾಕಿ ಕುದಿಸುವ ಪೊಟ್ಟಣದ ಬಣ್ಣಗಳು ಹೆಚ್ಚಾಗಿ ಡೈರೆಕ್ಟ್ ಡೈ ಜಾತಿಯವು. ಅವು ನೂಲಿನ ಒಳಗೆ ಸೇರಿಕೊಂಡು ಕೂತಿರುತ್ತವೆ ಅಷ್ಟೇ, ನೂಲಿಗೆ ಬೆಸೆದುಕೊಳ್ಳುವುದಿಲ್ಲ. ಒದ್ದೆಯಾದರೆ ಮತ್ತೆ ಹೊರಬಂದು ಪಕ್ಕದ ಬಟ್ಟೆಗೆ ಹತ್ತುತ್ತವೆ. ಬಣ್ಣದ ಅಂಗಡಿಯಲ್ಲಿ ಸಿಗುವ ಡೈ ಫಿಕ್ಸರ್‌ನಲ್ಲಿ ನೆನೆಸಿದರೆ ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ನಿಮಗೆ ಬೇಕಾಗಿರುವುದು ರಿಯಾಕ್ಟಿವ್ ಡೈ. 1956ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿ ಪ್ರೋಸಿಯಾನ್ ಎಂಬ ಹೆಸರಿನಲ್ಲಿ ಮೊದಲ ಬಾರಿ ಇದನ್ನು ಮಾರುಕಟ್ಟೆಗೆ ತಂದಿತು. ಈ ಬಣ್ಣ ಕ್ಷಾರದ ನೀರಿನಲ್ಲಿ ಹತ್ತಿಯ ನೂಲಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಕುದಿಸುವುದೂ ಬೇಡ. ನಮ್ಮ ಕಡೆಯ ಬಣ್ಣದ ಅಂಗಡಿಗಳಲ್ಲಿ ಕೋಲ್ಡ್ ಬ್ರ್ಯಾಂಡ್ ಅಥವಾ ಎಂ ಬ್ರ್ಯಾಂಡ್ ರಿಯಾಕ್ಟಿವ್ ಎಂದು ಕೇಳಿ. ಎಚ್ ಬ್ರ್ಯಾಂಡ್ ಬೇರೆ, ಅದಕ್ಕೆ ಕಾವು ಜಾಸ್ತಿ ಬೇಕು.

ಹಸಿರು, ನೇರಳೆ, ಕಂದು ಅಂತ ಹತ್ತು ಡಬ್ಬಿ ತರಬೇಡಿ. ಒಂದು ಹಳದಿ, ಒಂದು ಕೆಂಪು, ಒಂದು ನೀಲಿ, ಜೊತೆಗೆ ಒಂದು ಕಪ್ಪು ಸಾಕು. ಮಿಕ್ಕಿದ್ದೆಲ್ಲ ನೀವೇ ಬೆರೆಸಿ. ಹೀಗೆ ಬೆರೆಸಿದ ಬಣ್ಣಗಳ ಒಳಗೆ ಒಂದೇ ಹಳದಿ, ಒಂದೇ ನೀಲಿ ಓಡಾಡುತ್ತಿರುತ್ತದೆ. ಆದ್ದರಿಂದ ಯಾವ ತುಂಡನ್ನು ಯಾವುದರ ಪಕ್ಕ ಇಟ್ಟರೂ ಅವು ಹೊಂದಿಕೊಳ್ಳುತ್ತವೆ. ನಿಮ್ಮ ಗಲಿಬಿಲಿಗೆ ಒಂದು ಕಾರಣ ಇದೂ ಇರಬಹುದು. ಬೇರೆ ಬೇರೆ ಪೊಟ್ಟಣದ ಸಿದ್ಧ ಬಣ್ಣಗಳು ಒಂದಕ್ಕೊಂದು ಸಂಬಂಧವಿಲ್ಲದೆ ಕೂಗಾಡುತ್ತವೆ.

ಅಳತೆ ಹೇಳುತ್ತೇನೆ. ಒಣಗಿದ ಬಟ್ಟೆಯನ್ನು ತೂಗಿ. 100 ಗ್ರಾಂ ಬಟ್ಟೆಗೆ ಅರ್ಧ ಗ್ರಾಂ ಬಣ್ಣ ಹಾಕಿದರೆ ತಿಳಿ, 2 ಗ್ರಾಂ ಹಾಕಿದರೆ ಮಧ್ಯಮ, 4 ಗ್ರಾಂ ಹಾಕಿದರೆ ಗಾಢ. ಕಪ್ಪಿಗೆ 6ರಿಂದ 8 ಗ್ರಾಂ ಬೇಕು. ಇಷ್ಟು ಕಡಿಮೆ ತೂಕಕ್ಕೆ ಚಿಕ್ಕ ಡಿಜಿಟಲ್ ತಕ್ಕಡಿ ಇದ್ದರೆ ಒಳ್ಳೆಯದು. ಬಣ್ಣದ ಪುಡಿ ಗಾಳಿಯಲ್ಲಿ ಹಾರುತ್ತದೆ, ಉಸಿರಿಗೆ ಹೋದರೆ ಅಲರ್ಜಿ, ಉಬ್ಬಸ ಬರಬಹುದು. ಫ್ಯಾನ್ ಆರಿಸಿ, ಮಾಸ್ಕ್ ಮತ್ತು ಕೈಗವಸು ಹಾಕಿಕೊಂಡೇ ಡಬ್ಬಿ ತೆಗೆಯಿರಿ. ಈ ಕೆಲಸಕ್ಕೆ ಬಳಸಿದ ಪಾತ್ರೆ, ಚಮಚ ಮತ್ತೆ ಅಡುಗೆಮನೆಗೆ ಹೋಗಬಾರದು.

ಏರಿಳಿತದ ಬಣ್ಣ ಬೇಕಾದರೆ ನೀರು ಕಡಿಮೆ ಇರಬೇಕು. 100 ಗ್ರಾಂ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ, ಮುದುಡಿ, ಅದು ಬಿಗಿಯಾಗಿ ಕೂರುವಂಥ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಒತ್ತಿ ಇಡಿ. ಬಣ್ಣದ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮೊದಲು ಪೇಸ್ಟ್ ಮಾಡಿ, ಆಮೇಲೆ ಕಾಲು ಲೀಟರ್ ಆಗುವಷ್ಟು ನೀರು ಸೇರಿಸಿ, ಬಟ್ಟೆಯ ಮೇಲೆ ಸುರಿಯಿರಿ. ಕೈಯಾಡಿಸಬೇಡಿ. ಸುಮಾರು 20 ನಿಮಿಷ ಬಿಟ್ಟು, ಲೀಟರಿಗೆ 60 ಗ್ರಾಂ ಸೋಡಾ ಆ್ಯಶ್ (ನೀರಿನಂಶವಿಲ್ಲದ ವಾಷಿಂಗ್ ಸೋಡಾ ಪುಡಿ) ಕರಗಿಸಿದ ನೀರನ್ನು ಇನ್ನೊಂದು ಕಾಲು ಲೀಟರ್ ಸುರಿಯಿರಿ. ಒಮ್ಮೆ ಒತ್ತಿ, ಮುಚ್ಚಿ ಇಡಿ. ಹುಬ್ಬಳ್ಳಿಯ ಬೇಸಿಗೆಯಲ್ಲಿ ನಾಲ್ಕೈದು ಗಂಟೆ ಸಾಕು, ಚಳಿಗಾಲದಲ್ಲಿ ರಾತ್ರಿಯಿಡೀ ಬಿಡಿ. ಮಡಿಕೆಯ ಒಳಗೆ ಕಡಿಮೆ, ಹೊರಗೆ ಜಾಸ್ತಿ ಬಣ್ಣ ಹಿಡಿದು ಬಟ್ಟೆ ಮೋಡದ ಹಾಗೆ ಬರುತ್ತದೆ. ಎರಡು ಬಣ್ಣವನ್ನು ಎರಡು ಕಡೆಯಿಂದ ಸುರಿದರೆ ನಡುವೆ ಮೂರನೆಯದು ಹುಟ್ಟುತ್ತದೆ. ಅದರಲ್ಲೂ ಕೆಂಪು ಬೇಗ ಹಿಡಿಯುತ್ತದೆ, ಟರ್ಕಾಯಿಸ್ ನೀಲಿ ನಿಧಾನ, ಅದಕ್ಕೆ ಬೆಚ್ಚಗೂ ಬೇಕು. ಹಾಗಾಗಿ ನೇರಳೆ ಮಾಡಿದರೆ ಅಲ್ಲಲ್ಲಿ ಕೆಂಪು-ನೀಲಿ ಒಡೆದು ಕಾಣುತ್ತದೆ. ನನಗೆ ಅಂಥ ಬಟ್ಟೆ ಬಹಳ ಇಷ್ಟ.

ಒಂದೇ ಸಮನಾದ ಬಣ್ಣ ಬೇಕಾದಾಗ ಉಲ್ಟಾ ಮಾಡಿ: 100 ಗ್ರಾಂಗೆ ಎರಡು ಲೀಟರ್ ನೀರು, ಲೀಟರಿಗೆ 50 ಗ್ರಾಂ ಉಪ್ಪು, ಬಟ್ಟೆ ಈಜಾಡುವಂಥ ಬಕೆಟ್, ಬಿಡದೆ ಕೈಯಾಡಿಸುವುದು. ಅರ್ಧ ಗಂಟೆಯ ಮೇಲೆ ಲೀಟರಿಗೆ 10ರಿಂದ 20 ಗ್ರಾಂ ಲೆಕ್ಕದಲ್ಲಿ ಸೋಡಾ ಆ್ಯಶ್ ಕರಗಿಸಿ, ಬಟ್ಟೆಯನ್ನು ಪಕ್ಕಕ್ಕೆ ಸರಿಸಿ ನೀರಿಗೆ ಸೇರಿಸಿ, ಇನ್ನೊಂದು ಗಂಟೆ ಕೈಯಾಡಿಸುತ್ತಾ ಬಿಡಿ.

ಸೋಡಾದ ಬಗ್ಗೆ ಒಂದು ಎಚ್ಚರಿಕೆ. ಅಡುಗೆ ಸೋಡಾ ಇದಕ್ಕೆ ಆಗುವುದಿಲ್ಲ. ವಾಷಿಂಗ್ ಸೋಡಾ ಹರಳಿನ ರೂಪದಲ್ಲಿ ಸಿಕ್ಕರೆ ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ. 60 ಗ್ರಾಂ ಸೋಡಾ ಆ್ಯಶ್ ಪುಡಿಯ ಜಾಗಕ್ಕೆ ಸುಮಾರು 160 ಗ್ರಾಂ ಹರಳು ಬೇಕು. ಇದು ಗೊತ್ತಿಲ್ಲದೆ ಬಣ್ಣ ಪೇಲವವಾಯಿತು ಎಂದು ಕೊರಗುವವರು ತುಂಬಾ ಜನ. ಬೋರ್‌ವೆಲ್ ನೀರಾದರೆ ಅದರ ಸುಣ್ಣದಂಶ ಸೋಡಾ ಜೊತೆ ಸೇರಿ ಬಿಳಿ ಪುಡಿ ಕಟ್ಟುತ್ತದೆ, ಬಣ್ಣ ಮಂಕಾಗುತ್ತದೆ. ಬಣ್ಣ ಮತ್ತು ಸೋಡಾ ಕರಗಿಸುವುದಕ್ಕಾದರೂ ಮಳೆನೀರು ಅಥವಾ ಫಿಲ್ಟರ್ ನೀರು ಬಳಸಿ.

ಬಟ್ಟೆ ತೆಗೆದ ಮೇಲೆ ಒಗೆಯುವ ಕೆಲಸ ಬಹಳ ಮುಖ್ಯ. ನೂಲಿಗೆ ಬೆಸೆಯದೆ ಉಳಿದ ಬಣ್ಣ ಯಾವಾಗಲೂ ಸ್ವಲ್ಪ ಇದ್ದೇ ಇರುತ್ತದೆ. ಮೊದಲು ತಣ್ಣೀರಿನಲ್ಲಿ ಮೂರು-ನಾಲ್ಕು ಸಲ ಜಾಲಾಡಿ ಉಪ್ಪು, ಸೋಡಾ ತೆಗೆಯಿರಿ. ಆಮೇಲೆ ಕೈ ಸುಡುವಂಥ ಬಿಸಿನೀರು, 60 ಡಿಗ್ರಿಗಿಂತ ಮೇಲೆ, ಸ್ವಲ್ಪ ಸೋಪು ಹಾಕಿ ಅರ್ಧ ಗಂಟೆ ನೆನೆಸಿ. ನೀರು ತಿಳಿಯಾಗುವವರೆಗೆ ಬದಲಿಸಿ. ತಣ್ಣೀರಿನಲ್ಲಿ ಎಷ್ಟು ಸಲ ಜಾಲಾಡಿದರೂ ಈ ಬಣ್ಣ ಪೂರ್ತಿ ಹೊರಬರುವುದಿಲ್ಲ, ಮಿಕ್ಕಿದ್ದು ಬಿಸಿಗೇ ಬಿಡುತ್ತದೆ. ಕೊನೆಗೆ ಬಣ್ಣದ ಬಟ್ಟೆಯ ಮೇಲೆ ಒಂದು ಒದ್ದೆ ಬಿಳಿ ತುಂಡು ಇಟ್ಟು ಬಿಸಿ ಇಸ್ತ್ರಿ ಒತ್ತಿ. ಬಿಳಿ ಬಿಳಿಯಾಗಿಯೇ ಉಳಿದರೆ ಮಾತ್ರ ಕತ್ತರಿ ಹಿಡಿಯಿರಿ.

ನೈಸರ್ಗಿಕ ಬಣ್ಣವೂ ಆಗುತ್ತದೆ. ಮಲೆನಾಡಿನ ಅಡಿಕೆ ಚೊಗರಿನ ಕೆಂಗಂದು ಬಲು ಚಂದ. ಹೆಗ್ಗೋಡಿನ ಚರಕ ಸಂಸ್ಥೆ ಇಂಥ ಬಣ್ಣಗಳಲ್ಲೇ ಕೈಮಗ್ಗದ ಬಟ್ಟೆ ಮಾಡುತ್ತದೆ. ಅಳಲೆಕಾಯಿ ನೀರಿನಲ್ಲಿ ನೆನೆಸಿದ ಬಟ್ಟೆಯನ್ನು, ತುಕ್ಕು ಕಬ್ಬಿಣ ಮತ್ತು ಬೆಲ್ಲ ಕೊಳೆಸಿದ ನೀರಿಗೆ ಅದ್ದಿದರೆ ಬೂದಿಯಿಂದ ಕಪ್ಪಿನವರೆಗೆ ಬರುತ್ತದೆ. ಆದರೆ ಗೋಡೆಯ ಕ್ವಿಲ್ಟ್‌ಗೆ ಅರಿಶಿನ ಮಾತ್ರ ಬೇಡ, ಬೆಳಕಿಗೆ ಬಹಳ ಬೇಗ ಹಾರಿಹೋಗುತ್ತದೆ.

ಬಣ್ಣ ಹಾಕುವ ದಿನವೇ ದಾರವನ್ನೂ ಅದೇ ಡಬ್ಬಿಗೆ ಹಾಕಿ. ನಾನು ಮೊದಲು ಹೇಳಿದ ಮಾತು ಕೆಲಸಕ್ಕೆ ಬರುವುದು ಇಲ್ಲಿಂದಲೇ. ಬಿಳಿ ಹತ್ತಿಯ ಕಸೂತಿ ದಾರದ ಲಡಿ ತಗೊಳ್ಳಿ. ಆ್ಯಂಕರ್ ಲಡಿಯಲ್ಲಿ 8 ಮೀಟರ್, ಆರು ಎಳೆ ಇರುತ್ತದೆ. ಅದನ್ನು ಬಿಚ್ಚಿ ದೊಡ್ಡ ಸುತ್ತು ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಬಟ್ಟೆಯ ಜೊತೆಗೇ ಅದ್ದಿ. ದಾರ ಬಟ್ಟೆಗಿಂತ ಒಂದು ಕೂದಲೆಳೆ ಗಾಢವಾಗಿ, ಹೊಳಪಾಗಿ ಬರುತ್ತದೆ. ಬಟ್ಟೆಯದೇ ಬಣ್ಣ, ಆದರೆ ಬೆಳಕು ಬಿದ್ದಾಗ ಬೇರೆಯಾಗಿ ಕಾಣುವ ಗೆರೆ. ಇಂಥ ದಾರ ಅಂಗಡಿಯಲ್ಲಿ ಕೇಳಿದರೆ ಸಿಗುವುದಿಲ್ಲ. ಮಾಮೂಲಿ ಮೆಷಿನ್ ದಾರ ಹೆಚ್ಚಾಗಿ ಪಾಲಿಯೆಸ್ಟರ್, ಅದನ್ನು ಅದ್ದಿ ಪ್ರಯೋಜನವಿಲ್ಲ.

ಇನ್ನು ಜೋಡಣೆ. ಅಮೂರ್ತ ಅಂದರೆ ಸುಮ್ನೆ ಮನಸ್ಸಿಗೆ ಬಂದ ಹಾಗೆ ತುಂಡು ಇಡುವುದು ಎಂದು ಎಷ್ಟೋ ಜನ ಅಂದುಕೊಳ್ಳುತ್ತಾರೆ. ಒಂದು ನಿಜವಾದ ವಸ್ತುವನ್ನು ಹಿಡಿದುಕೊಂಡು, ಅದರಲ್ಲಿ ಬೇಡವಾದದ್ದನ್ನು ಬಿಡುತ್ತಾ ಹೋಗಿ. ನಿಮಗೆ ಹತ್ತಿರದ್ದನ್ನೇ ಹೇಳುತ್ತೇನೆ. ಹುಬ್ಬಳ್ಳಿಯಿಂದ ಗದಗಿಗೆ ಹೋಗುವಾಗ ರೈಲಿನ ಕಿಟಕಿಯಲ್ಲಿ ಎರೆ ಹೊಲ ನೋಡಿದ್ದೀರಲ್ವಾ? ಹಿಂಗಾರಿ ಜೋಳ ಕೊಯ್ದ ಮೇಲೆ ಕೂಳೆಯ ತಿಳಿ ಹಳದಿ ಪಟ್ಟೆಗಳು, ಅದರ ಆಚೆ ಕಪ್ಪು ಮಣ್ಣು, ಬೇಸಿಗೆ ಏರಿದಂತೆ ಮಣ್ಣಿನಲ್ಲಿ ಬಿರುಕು, ಎಲ್ಲೋ ಒಂದು ಕಡೆ ಕುಸುಬೆಯ ಕಿತ್ತಳೆ. ಮರ, ಎತ್ತು, ಮನೆ ಬಿಟ್ಟುಬಿಡಿ. ಉಳಿಯುವುದು ಅಗಲವಾದ ಗಾಢ ಜಾಗ, ಅದಕ್ಕಿಂತ ಚಿಕ್ಕ ತಿಳಿ ಜಾಗ, ಬಿರುಕಿನ ಗೆರೆ, ಒಂದು ಕಿತ್ತಳೆ ಚೂರು. ನಿಮ್ಮ ಮೊದಲ ಕ್ವಿಲ್ಟ್‌ಗೆ ಇಷ್ಟು ಧಾರಾಳ. ಅಳತೆ 24 ಇಂಚು ಅಗಲ, 30 ಇಂಚು ಎತ್ತರಕ್ಕಿಂತ ಜಾಸ್ತಿ ಬೇಡ.

ಗೋಡೆಗೆ ಒಂದು ಹಳೆ ಫ್ಲಾನೆಲ್ ಅಥವಾ ಕಂಬಳಿ ಬಿಗಿಯಾಗಿ ಹೊಡೆದು, ತುಂಡುಗಳನ್ನು ಅದರ ಮೇಲೆ ಗುಂಡುಸೂಜಿಯಿಂದ ಸಿಕ್ಕಿಸಿ. ನೆಲದ ಮೇಲೆ ಹರಡಿ ನೋಡಬೇಡಿ, ಹತ್ತಿರದ ತುಂಡು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುತ್ತದೆ. ಕತ್ತರಿಸುವಾಗ ಸ್ಕೇಲ್ ಬಿಟ್ಟು ಕೈಯಳತೆಯಲ್ಲೇ ಕತ್ತರಿಸಿ. ಗೆರೆ ಸ್ವಲ್ಪ ಓರೆಯಾದರೆ ಜೀವ ಬರುತ್ತದೆ. ಆಮೇಲೆ ಮೊಬೈಲಿನಲ್ಲಿ ಫೋಟೋ ತೆಗೆದು, ಅದನ್ನು ಕಪ್ಪು-ಬಿಳುಪು ಮಾಡಿ ನೋಡಿ. ಎಲ್ಲ ಒಂದೇ ಬೂದಿ ಬಣ್ಣಕ್ಕೆ ಬಂದರೆ ನಿಮ್ಮ ಗಲಿಬಿಲಿಯ ಕಾರಣ ಸಿಕ್ಕಿತು ಎಂದರ್ಥ. ಕೆಂಪು, ಹಸಿರು, ನೀಲಿ ಎಷ್ಟೇ ಬೇರೆಯಾಗಿದ್ದರೂ ಮೂರೂ ಮಧ್ಯಮ ಗಾಢವಾಗಿದ್ದರೆ ಕಣ್ಣಿಗೆ ನಿಲ್ಲಲು ಜಾಗವೇ ಇರುವುದಿಲ್ಲ. ಒಂದು ಬಣ್ಣವನ್ನು ಆರು ಮೆಟ್ಟಿಲಲ್ಲಿ ಅದ್ದಿ ಇಟ್ಟುಕೊಳ್ಳಿ ಎಂದು ನಾನು ಯಾವಾಗಲೂ ಹೇಳುವುದು ಇದಕ್ಕೇ. 4 ಗ್ರಾಂ, 2, 1, ಅರ್ಧ, ಕಾಲು, ಅದರರ್ಧ. ಬಣ್ಣ ಕಡಿಮೆ ಇರಲಿ, ತಿಳಿ-ಗಾಢದ ಅಂತರ ಜಾಸ್ತಿ ಇರಲಿ. ಕಿತ್ತಳೆ ಅಂಥ ಜೋರು ಬಣ್ಣ ಒಂದೇ ಕಡೆ, ಬೆರಳಗಲ ಇದ್ದರೆ ಇಡೀ ಕ್ವಿಲ್ಟ್‌ಗೆ ಸಾಕು. ನಾಲ್ಕು ಕಡೆ ಹಂಚಿದರೆ ಅದರ ಬಲ ಹೋಗುತ್ತದೆ.

ಎರಡು ದಿನ ಗೋಡೆಯ ಮೇಲೆ ಬಿಡಿ. ಹೋಗುತ್ತಾ ಬರುತ್ತಾ ನೋಡಿ. ಕಣ್ಣು ಪದೇ ಪದೇ ಎಡವುವ ತುಂಡನ್ನು ತೆಗೆಯಿರಿ. ಈ ಹಂತದಲ್ಲೇ ಒಂದು ಬಿಳಿ ದಾರ ಹಿಡಿದು ಹೊಲಿಗೆ ಯಾವ ಕಡೆ ಓಡಬೇಕು ಎಂದು ಬಟ್ಟೆಯ ಮೇಲೆ ಇಟ್ಟು ನೋಡಿ. ಕೂಳೆಯ ಪಟ್ಟೆಯಲ್ಲಿ ಅಡ್ಡಡ್ಡ, ಕಪ್ಪು ಮಣ್ಣಿನಲ್ಲಿ ಬಿರುಕನ್ನು ಸುತ್ತಿಕೊಂಡು. ದಾರ ಇಟ್ಟ ಮೇಲೆ ಕೆಲವು ತುಂಡು ಬೇಡ ಅನಿಸುತ್ತದೆ, ಏಕೆಂದರೆ ಅವು ಮಾಡಬೇಕಾದ ಕೆಲಸವನ್ನು ಗೆರೆಯೇ ಮಾಡುತ್ತಿರುತ್ತದೆ. ತುಂಡುಗಳನ್ನು ಮೆಷಿನ್ನಿನಲ್ಲಿ ಕೂಡಿಸಬಹುದು, ಆದರೆ ನಿಮಗೆ ಕೌದಿಯ ಪದ್ಧತಿಯೇ ಸರಿ ಎಂದು ನನ್ನ ಅಭಿಪ್ರಾಯ. ಅಂಚನ್ನು ಕಾಲಿಂಚು ಒಳಗೆ ಮಡಚಿ, ಒಂದರ ಮೇಲೊಂದು ಹಚ್ಚುತ್ತಾ ಹೋಗಿ. ಓರೆ-ಡೊಂಕು ಆಕಾರಗಳಿಗೆ ಇದೇ ಸುಲಭ.

ಸುಕ್ಕಿನ ವಿಷಯಕ್ಕೆ ಬರುತ್ತೇನೆ. ತೆಳ್ಳಗಿನ ಒಂಟಿ ಬಟ್ಟೆಯ ಮೇಲೆ ಆರೂ ಎಳೆ ಹಾಕಿ ಬಿಗಿಯಾಗಿ ಎಳೆದರೆ ಅದು ಮುದುಡಲೇಬೇಕು. ದಟ್ಟ ಕಸೂತಿ ಬರುವ ಜಾಗವನ್ನು ಪದರ ಸೇರಿಸುವ ಮೊದಲೇ ಮಾಡಿ ಮುಗಿಸಿ. ಆ ತುಂಡಿನ ಹಿಂದೆ ಒಂದು ತೆಳು ಮಲ್ ಬಟ್ಟೆ ಕಚ್ಚಾ ಹೊಲಿಗೆಯಲ್ಲಿ ಹಿಡಿಸಿ, ಎರಡನ್ನೂ ಸೇರಿಸಿ ಹೊಲಿಯಿರಿ. ಎರಡು ಅಥವಾ ಮೂರು ಎಳೆ ಸಾಕು. ಕಸೂತಿ ಬಟ್ಟೆಯನ್ನು ಸ್ವಲ್ಪ ಒಳಗೆಳೆಯುವುದು ಸಹಜ, ಅದಕ್ಕೆ ಸುತ್ತಲೂ ಎರಡಿಂಚು ಹೆಚ್ಚುವರಿ ಬಿಟ್ಟುಕೊಂಡು ಕೊನೆಗೆ ಅಳತೆಗೆ ಕತ್ತರಿಸಿ.

ನಿಮ್ಮ ಕಸೂತಿಯನ್ನು ಇಲ್ಲಿ ಹೇಗೆ ತರಬಹುದು? ಗೋಪುರ, ತೇರು, ಆನೆ ಬಿಡಿ. ಗವಂತಿಯ ನೇರ ಗೆರೆ, ಮುರ್ಗಿಯ ಮೆಟ್ಟಿಲು ಗೆರೆ ಇವೆರಡನ್ನೇ ತಗೊಳ್ಳಿ. ಮುರ್ಗಿಯ ಒಂದು ಮೆಟ್ಟಿಲ ಸಾಲು ತಿಳಿ ಪಟ್ಟೆಯಿಂದ ಗಾಢ ಜಾಗಕ್ಕೆ ಇಳಿದು ಹೋಗಲಿ, ಅಷ್ಟೇ. ಕ್ಯಾಂಬ್ರಿಕ್‌ನಲ್ಲಿ ಎಳೆ ಎಣಿಸುವುದು ಕಷ್ಟ. ಆ ಜಾಗಕ್ಕೆ ಖಾದಿ ತುಂಡು ಬಳಸಿ, ಇಲ್ಲವೇ ಮೇಲೆ ಎಳೆ ಎಣಿಸಲು ಸುಲಭವಾದ, ಬಿಡಿಬಿಡಿ ನೇಯ್ಗೆಯ ಮ್ಯಾಟಿ ಬಟ್ಟೆ ಇಟ್ಟು ಹೊಲಿದು, ಆಮೇಲೆ ಮ್ಯಾಟಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಿರಿ.

ಪದರ ಸೇರಿಸುವಾಗ ಕೆಳಗೆ ಹತ್ತಿ ಬಟ್ಟೆ, ನಡುವೆ ಒಗೆದು ಕುಗ್ಗಿಸಿದ ಹಳೆ ಫ್ಲಾನೆಲ್ ಅಥವಾ ಎರಡು ಪದರ ಹಳೆ ಸೀರೆ, ಮೇಲೆ ನಿಮ್ಮ ಜೋಡಣೆ. ಗೋಡೆಯ ಕ್ವಿಲ್ಟ್‌ಗೆ ದಪ್ಪ ಫೈಬರ್ ಹಾಳೆ ಬೇಡ, ಉಬ್ಬಿಕೊಳ್ಳುತ್ತದೆ. ನೆಲಕ್ಕೆ ಟೇಪ್ ಅಂಟಿಸಿ ಕೆಳಬಟ್ಟೆಯನ್ನು ಬಿಗಿ ಮಾಡಿ, ಮೂರೂ ಪದರ ಹಾಸಿ, ನಡುವಿನಿಂದ ಹೊರಕ್ಕೆ ನಾಲ್ಕು ಇಂಚಿಗೊಂದು ಸಾಲು ಕಚ್ಚಾ ಹೊಲಿಗೆ ಹಾಕಿ. ಇದರಲ್ಲಿ ಸೋಮಾರಿತನ ಮಾಡಿದರೆ ಮುಂದೆ ಬರುವ ಸುಕ್ಕನ್ನು ಯಾರೂ ಸರಿಮಾಡಲಾರರು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಒಂದು ಕಡೆ ಒತ್ತೊತ್ತಾಗಿ ಹೊಲಿದು ಪಕ್ಕದ ಜಾಗ ಖಾಲಿ ಬಿಟ್ಟರೆ, ಹೊಲಿದ ಕಡೆ ಕುಗ್ಗುತ್ತದೆ, ಖಾಲಿ ಕಡೆ ಉಬ್ಬಿ ಅಲೆಯಾಗುತ್ತದೆ. ಇಡೀ ಕ್ವಿಲ್ಟ್ ನೇತುಹಾಕಿದಾಗ ಸೊಟ್ಟಗೆ ಕಾಣುತ್ತದೆ. ಹಾಗಾಗಿ ಖಾಲಿಯಾಗಿ, ಶಾಂತವಾಗಿ ಕಾಣಬೇಕಾದ ಜಾಗಕ್ಕೂ ಹೊಲಿಗೆ ಬೇಕು. ಬಟ್ಟೆಯ ಜೊತೆಗೇ ಅದ್ದಿದ ದಾರ ಇಲ್ಲಿ ಕೈಹಿಡಿಯುತ್ತದೆ. ಹೊಲಿಗೆ ಇದ್ದರೂ ದೂರಕ್ಕೆ ಕಾಣುವುದಿಲ್ಲ, ಹತ್ತಿರ ಬಂದವರಿಗೆ ಮಾತ್ರ ಕಾಣುತ್ತದೆ.

ಆ ಎರೆ ಮಣ್ಣಿನ ಜಾಗದ ಒಂದು ಅಂಗೈಯಗಲವನ್ನು ಹೇಗೆ ಹೊಲಿಯಬಹುದು ಎಂದು ಹೇಳುತ್ತೇನೆ. ಬಟ್ಟೆ ಕಪ್ಪಿಗೆ ಸ್ವಲ್ಪ ಕೆಂಪು ಬೆರೆಸಿ ಮುದುಡಿ ಅದ್ದಿದ್ದು, ಅಲ್ಲಲ್ಲಿ ಕಂದು ಇಣುಕುತ್ತಿರುತ್ತದೆ. ಮೊದಲು ಬಿರುಕಿನ ಗೆರೆಯನ್ನು ಸೀಮೆಸುಣ್ಣದಿಂದ ಗುರುತು ಮಾಡಿ. ಅದರಿಂದ ಕಾಲಿಂಚು ಬಿಟ್ಟು, ಅದೇ ಡಬ್ಬಿಯಲ್ಲಿ ಅದ್ದಿದ ದಾರದ ಮೂರು ಎಳೆಯಲ್ಲಿ ಕೌದಿ ಹೊಲಿಗೆ ಶುರುಮಾಡಿ. ಮೇಲೆ ಮೂರು ಮಿಲಿಮೀಟರ್, ಕೆಳಗೆ ಮೂರು ಮಿಲಿಮೀಟರ್. ಮುಂದಿನ ಸಾಲು ಇನ್ನೂ ಕಾಲಿಂಚು ಆಚೆ, ಹಿಂದಿನ ಸಾಲಿನ ಬಳುಕನ್ನೇ ಹಿಡಿದುಕೊಂಡು. ಒಂದು ಸಾಲಿನ ಹೊಲಿಗೆ ಪಕ್ಕದ ಸಾಲಿನ ಖಾಲಿಯ ಎದುರಿಗೆ ಬರಲಿ, ಆಗ ಬಟ್ಟೆ ಎಲ್ಲ ಕಡೆಗೂ ಸಮನಾಗಿ ಕುಗ್ಗುತ್ತದೆ. ಎಂಟು-ಹತ್ತು ಸಾಲಾದ ಮೇಲೆ ಬಿರುಕಿನ ಎರಡೂ ಬದಿ ಸಣ್ಣಗೆ ಉಬ್ಬಿ, ಹೊಲಿಯದೆ ಬಿಟ್ಟ ಗೆರೆ ತಾನಾಗಿ ಬಿರುಕಿನ ಹಾಗೆ ಎದ್ದು ಕಾಣುತ್ತದೆ. ಅದಕ್ಕೆ ಬೇರೆ ಬಣ್ಣ ಹಾಕುವ ಅಗತ್ಯವೇ ಬರುವುದಿಲ್ಲ. ಸಾಲಿನ ಕೊನೆಯಲ್ಲಿ ದಾರವನ್ನು ಎಳೆದು ಬಿಗಿ ಮಾಡಬೇಡಿ. ಬಟ್ಟೆಯನ್ನು ಬೆರಳಿನಿಂದ ಸವರಿ ಸಡಿಲ ಬಿಟ್ಟ ಮೇಲೆ ಗಂಟು ಹಾಕಿ. ಸುಕ್ಕು ತಪ್ಪಿಸುವುದಕ್ಕೆ ಇದಕ್ಕಿಂತ ದೊಡ್ಡ ಉಪಾಯ ನನಗೆ ಗೊತ್ತಿಲ್ಲ.

ಕೂಳೆಯ ಪಟ್ಟೆಯಲ್ಲಿ ಚಿಕ್ಕ ಚಿಕ್ಕ ಬಿಡಿ ಹೊಲಿಗೆಗಳನ್ನು ಚೆಲ್ಲಿದ ಹಾಗೆ ಹಾಕಬಹುದು, ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಅಪರೂಪವಾಗಿ. ಕಿತ್ತಳೆ ಚೂರಿನ ಮೇಲೆ ಏನೂ ಬೇಡ, ಅದರ ಸುತ್ತ ಒಂದು ಸಾಲು ಸಾಕು.

ಎಲ್ಲ ಹೊಲಿದ ಮೇಲೆ ಕ್ವಿಲ್ಟ್‌ಗೆ ನೀರು ಚಿಮುಕಿಸಿ, ದಪ್ಪ ಕಂಬಳಿಯ ಮೇಲೆ ಉಲ್ಟಾ ಹಾಸಿ, ನಾಲ್ಕೂ ಅಂಚು ನೇರ ಮಾಡಿ ಒಂದಿಂಚಿಗೊಂದು ಪಿನ್ ಹೊಡೆದು ನೆರಳಿನಲ್ಲಿ ಒಣಗಲು ಬಿಡಿ. ಮೂಲೆಯಿಂದ ಮೂಲೆಗೆ ಟೇಪು ಹಿಡಿದು ನೋಡಿ, ಎರಡೂ ಕರ್ಣ ಒಂದೇ ಅಳತೆ ಬಂದರೆ ಚೌಕ ಸರಿಯಿದೆ. ಅಂಚಿಗೆ ಪಟ್ಟಿ ಕಟ್ಟಿದರೆ ಚೌಕಟ್ಟು ಹಾಕಿದ ಹಾಗೆ ಚಿತ್ರ ಮುಚ್ಚಿಹೋಗುತ್ತದೆ. ಅದರ ಬದಲು ಎರಡೂವರೆ ಇಂಚಿನ ಪಟ್ಟಿಯನ್ನು ಮುಂಭಾಗಕ್ಕೆ ಸೇರಿಸಿ ಹೊಲಿದು, ಪೂರ್ತಿ ಹಿಂದಕ್ಕೆ ಮಡಚಿ ಕೈಯಲ್ಲಿ ಹೆಮ್ಮಿಂಗ್ ಮಾಡಿ. ಹೊಲ ಅಂಚಿನಾಚೆಗೂ ಹೋಗುತ್ತಿರುವಂತೆ ಕಾಣುತ್ತದೆ. ಹಿಂಬದಿಗೆ ಮೇಲ್ಗಡೆ ನಾಲ್ಕಿಂಚು ಅಗಲದ ಬಟ್ಟೆಯ ಕೊಳವೆ ಹೊಲಿದು ಅದರೊಳಗೆ ಕೋಲು ತೂರಿಸಿ. ಮೂಲೆಗೆ ಉಂಗುರ ಹಾಕಿ ನೇತುಹಾಕಿದರೆ ನಡುವೆ ಜೋತುಬೀಳುತ್ತದೆ.

ನೇರ ಬಿಸಿಲು ಬೀಳುವ ಗೋಡೆ ಬೇಡ. ರಿಯಾಕ್ಟಿವ್ ಬಣ್ಣ ನೀರಿಗೆ ಬಿಡದಿದ್ದರೂ ಬಿಸಿಲಿಗೆ ನಿಧಾನವಾಗಿ ಮಾಸುತ್ತದೆ. ಧೂಳಿಗೆ ತಿಂಗಳಿಗೊಮ್ಮೆ ತೆಳು ಬಟ್ಟೆ ಅಡ್ಡ ಹಿಡಿದು ವ್ಯಾಕ್ಯೂಮ್ ಮಾಡಿ, ಅಥವಾ ಮೆಲ್ಲಗೆ ಕೊಡವಿ. ತೆಗೆದಿಡುವಾಗ ಮಡಚದೆ, ಮುಂಭಾಗ ಹೊರಗೆ ಬರುವಂತೆ ಸುರುಳಿ ಸುತ್ತಿ ಹಳೆ ಹತ್ತಿ ಸೀರೆಯಲ್ಲಿ ಕಟ್ಟಿಡಿ.

ಗುಲಾಬಿಯಾದ ನಿಮ್ಮ ಹಳೆಯ ಕ್ವಿಲ್ಟ್‌ಗೆ ಬ್ಲೀಚ್ ಹಾಕಬೇಡಿ, ನೂಲು ಸಾಯುತ್ತದೆ. ಹೊಲಿಗೆ ಬಿಚ್ಚಿ, ತುಂಡುಗಳನ್ನು ಬಿಸಿನೀರಿನಲ್ಲಿ ಬಣ್ಣ ಬಿಡುವಷ್ಟು ಬಿಡಿಸಿ ಒಣಗಿಸಿ. ಬಟ್ಟೆ ಅಪ್ಪಟ ಹತ್ತಿಯಾಗಿದ್ದರೆ ಆ ಪೇಲವ ಗುಲಾಬಿಯ ಮೇಲೆಯೇ ರಿಯಾಕ್ಟಿವ್ ಕಪ್ಪು ಹಾಕಿ, ಮುದುಡಿ ಅದ್ದಿ. ಎರೆ ಮಣ್ಣಿಗೆ ಬೇಕಾದ ಕೆಂಗಪ್ಪು ಅದರಿಂದಲೇ ಬರಬಹುದು.